ಎದ್ದು ಹೋಗುವ ಸಾಹೇಬರು

ಕೈಯಲ್ಲಿ ಒಂದು ಕಲೆ ಇದ್ದರೆ ಇರಲಿ, ಅದನ್ನು ಆಫೀಸಿನವರಿಗೆ ಮಾತ್ರ ತೋರಿಸಬಾರದು. ಈ ಬುದ್ಧಿ ಗೋಂದಪ್ಪನಿಗೆ ಆ ಮಂಗಳವಾರ ಸಂಜೆ ಬಂತು. ಬೆಳಿಗ್ಗೆಯೇ ಬಂದಿದ್ದರೆ ಬದುಕಿಕೊಳ್ಳುತ್ತಿದ್ದ.

ಗೋಂದಪ್ಪ ಅವನ ಅಡ್ಡಹೆಸರು. ಬೆರಳ ತುದಿಯಲ್ಲಿ ಸದಾ ಒಣಗಿದ ಗೋಂದು ಇರುತ್ತಿದ್ದುದರಿಂದ ಬಂದದ್ದು. ರವಾನೆ ವಿಭಾಗದ ಗುಮಾಸ್ತ. ಹೆಂಡತಿಗೆ ಬೇರೆ ಊರಲ್ಲಿ ನೌಕರಿ, ಪುಟ್ಟ ಮಗಳೂ ಅಲ್ಲೇ. ವಾರಕ್ಕೊಮ್ಮೆ ಬಸ್ಸಿಳಿದು ಇವನು ಬಾಗಿಲು ತಟ್ಟಿದರೆ ಆ ಮಗು ಇಣುಕಿ ನೋಡಿ, "ಅಮ್ಮಾ, ಶನಿವಾರದವ್ರು ಬಂದ್ರು!" ಎಂದು ಒಳಗೆ ಓಡುತ್ತಿತ್ತು. ಮಗಳನ್ನು ಒಲಿಸಿಕೊಳ್ಳಲೆಂದೇ ಅವನು ಅಲುಗಾಡುವ ರಟ್ಟಿನ ಕಾರ್ಡು ಮಾಡುವುದನ್ನು ಕಲಿತದ್ದು. ಪಟ್ಟಿ ಎಳೆದರೆ ಸೊಂಡಿಲೆತ್ತುವ ಆನೆ, ಚಕ್ರ ತಿರುಗಿಸಿದರೆ ಕಣ್ಣು ಮಿಟುಕಿಸುವ ಗೂಬೆ, ಹೀಗೆ ವಾರಕ್ಕೊಂದು ಅಂಚೆಯಲ್ಲಿ ಹೋಗುತ್ತಿತ್ತು. ಆನೆಗೂ ಗೂಬೆಗೂ ಮಗಳು ಮುದ್ದಿನ ಹೆಸರಿಟ್ಟಳು. ಅಪ್ಪ ಮಾತ್ರ ಶನಿವಾರದವರಾಗಿಯೇ ಉಳಿದ.

ಆ ಊರಿಗೆ ವರ್ಗ ಕೇಳಿ ಅವನು ಕೊಟ್ಟ ಅರ್ಜಿಗಳೆಲ್ಲ ಸಾಹೇಬರ ಮೇಜಿನ ಮೇಲೇ ಪ್ರಾಣ ಬಿಟ್ಟಿದ್ದವು. ಮೇಲಿನ ಕಚೇರಿಯವರು ಒಪ್ಪಿದ್ದರು, ಸಾಹೇಬರ ಸಹಿಯೊಂದೇ ಬಾಕಿ. ದೇವರು ಕೊಟ್ಟರೂ ಪೂಜಾರಿ ಕೊಡ. ಕೊನೆಗೊಮ್ಮೆ ಅವರು, "ನಾನು ರಿಟೈರ್ ಆಗೋ ದಿನ ತಗೊಂಡ್ಬನ್ರಿ, ಹೋಗ್ತಾ ಒಂದು ಸಹಿ ಹಾಕಿ ಹೋಗ್ತೀನಿ," ಎಂದಿದ್ದರು. ಆ ದಿನವೇ ಈ ಮಂಗಳವಾರ.

ಅವರ ಮನಸ್ಸು ಮತ್ತೆ ತಿರುಗದಿರಲಿ ಎಂದು ಗೋಂದಪ್ಪ ಒಂದು ಕಾರ್ಡು ಮಾಡಿ ತಂದ. ತೆರೆದರೆ ಸಾಹೇಬರ ಕೋಣೆ, ಕುರ್ಚಿಯಲ್ಲಿ ರಟ್ಟಿನ ಸಾಹೇಬರು. ಪಕ್ಕದ ಪಟ್ಟಿ ಎಳೆದರೆ ಅವರು ಎದ್ದು, ಸೀಳಿನಲ್ಲಿ ಜಾರಿಕೊಂಡು ಬಾಗಿಲ ತನಕ ಹೋಗಿ, ಕೈ ಬೀಸುತ್ತಿದ್ದರು. ಕೆಳಗೆ ‘ಹೋಗಿ ಬನ್ನಿ’ ಎಂದು ಚೆಂದದ ಅಕ್ಷರ. ಅದನ್ನು ಸುಮ್ಮನೆ ಚೀಲದಲ್ಲಿಟ್ಟುಕೊಂಡಿದ್ದರೆ ಆಗುತ್ತಿತ್ತು. ಮೇಜಿನ ಮೇಲಿಟ್ಟ.

ಹೆಡ್ ಗುಮಾಸ್ತರು ಮೊದಲು ಬಂದರು. ಸಾಹೇಬರು ಖಾಲಿ ಮಾಡುವ ಕುರ್ಚಿ ಅವರಿಗೇ ಸಿಗುವುದರಲ್ಲಿತ್ತು, ಹಾಗಾಗಿ ಅಂದು ಬಲು ಉದಾರಿಯಾಗಿದ್ದರು.

"ಹೊಟ್ಟೆ ಇಷ್ಟು ದಪ್ಪ ಮಾಡಿದ್ರೆ ಸಹಿ ಹಾಕ್ತಾರೇನಯ್ಯಾ? ಕತ್ತರಿಸು, ಕತ್ತರಿಸು!"

ಹೊಟ್ಟೆ ಹೋಯಿತು. ಟೈಪಿಸ್ಟ್ ಅಕ್ಕ ಕನ್ನಡಕ ಏರಿಸಿ, "ಪಾಪ, ತಲೆ ಬೋಳು ಬೋಳು ಕಾಣತ್ತೆ. ಹೋಗೋ ದಿನನಾದ್ರೂ ನಾಕು ಕೂದಲು ಇರ್ಲಿ," ಎಂದು ದಪ್ಪ ಕಪ್ಪು ಕಾಗದವನ್ನು ತಾನೇ ಕತ್ತರಿಸಿ ಮೆತ್ತಿದಳು. ಸ್ಟೋರಿನವನು ಕಾರ್ಡೆತ್ತಿಕೊಂಡು ಹೋಗಿ, "ನೋಡ್ರಪ್ಪಾ, ಸಾಹೇಬ್ರು ಹೋಗ್ತಾರೆ! ಇನ್ನೊಂದ್ಸಲ ಹೋಗ್ತಾರೆ!" ಎಂದು ಕೋಣೆ ಕೋಣೆಯಲ್ಲಿ ಎಳೆದು ತೋರಿಸಿದ. ಎಲ್ಲರಿಗೂ ಅದೆಷ್ಟು ಖುಷಿಯಾಯಿತೆಂದರೆ, ಒಬ್ಬೊಬ್ಬರೂ ತಾವೇ ಎಳೆದು ಕಳಿಸಿ ನೋಡಿದರು.

ಕಾರ್ಡು ವಾಪಸು ಬಂದಾಗ ಸೀಳು ಅಗಲವಾಗಿತ್ತು. ಹೊಟ್ಟೆ ಹಗುರ, ತಲೆ ಭಾರ. ಗೋಂದಪ್ಪ ಪಟ್ಟಿ ಎಳೆದ. ರಟ್ಟಿನ ಸಾಹೇಬರು ಬಾಗಿಲ ತನಕ ಹೋಗಿ ತಲೆ ಕೆಳಗಾಗಿ ಬಿದ್ದರು.

"ಅಯ್ಯಯ್ಯೋ, ಇದು ಎದ್ದು ಹೋಗೋ ಹಾಗಿಲ್ಲ, ಎತ್ಕೊಂಡು ಹೋಗೋ ಹಾಗಿದೆ!" ಎಂದರು ಹೆಡ್ ಗುಮಾಸ್ತರು.

ಗೋಂದಪ್ಪ ತಲೆ ಮೇಲೆ ಕೈ ಹೊತ್ತು ಕೂತ. ಕಣ್ಣ ಮುಂದೆ ಸಾಲು ಸಾಲು ಶನಿವಾರಗಳು ನಿಂತವು. ಮಗಳ ಮದುವೆಯಲ್ಲೂ ತನ್ನನ್ನು ಯಾರೋ, "ಇವರು ಹುಡುಗಿ ಕಡೆಯ ಶನಿವಾರದವರು," ಎಂದು ಪರಿಚಯಿಸಿದಂತೆ ಕಂಡಿತು.

"ಅಳಬೇಡ ಮಾರಾಯ," ಎಂದು ಸ್ಟೋರಿನವನು ಒಂದು ಫೈಲಿನಿಂದ ರಬ್ಬರ್ ಬ್ಯಾಂಡು ಬಿಚ್ಚಿದ. "ಇದನ್ನ ಬೆನ್ನಿಗೂ ಕುರ್ಚಿಗೂ ಬಿಗಿಯಾಗಿ ಕಟ್ಟು. ನೆಟ್ಟಗೆ ನಿಲ್ಲದೆ ಎಲ್ಲಿ ಹೋಗ್ತಾರೆ?"

ಕಟ್ಟಿ ಎಳೆದರೆ, ನಿಜ, ಸಾಹೇಬರು ಬಾಗಿಲಲ್ಲಿ ಸೇನಾಪತಿಯಂತೆ ನಿಂತು ಕೈ ಬೀಸಿದರು. ಎಲ್ಲರೂ ಶಹಬ್ಬಾಸ್ ಎಂದರು. ಗೋಂದಪ್ಪ ಪಟ್ಟಿ ಬಿಟ್ಟ. ಟಕ್! ಸಾಹೇಬರು ಹಾರಿ ಬಂದು ಕುರ್ಚಿಯಲ್ಲಿ ಕೂತರು.

"ವಾಪಸ್ ಬಂದ್ಬಿಟ್ರಲ್ಲ!" ಎಂದು ಗೋಂದಪ್ಪ ಚೀರಿದ. "ಕುರ್ಚಿ ಬಿಡದ ಮುದುಕ ಅಂತ ಅಣಕಿಸಿದ ಹಾಗಾಯ್ತು! ಕೊಡಿ, ಬಿಚ್ತೀನಿ!"

ಅಷ್ಟರಲ್ಲಿ ಜವಾನ ಬಂದು, "ಸಾಹೇಬ್ರು ಕಾಯ್ತಿದಾರೆ, ಟೀ ಆರ್ತಿದೆ," ಎಂದ. ಹೆಡ್ ಗುಮಾಸ್ತರು ಕಾರ್ಡು ಕಿತ್ತುಕೊಂಡು ಹೊರಟೇಬಿಟ್ಟರು.

ಸಾಹೇಬರ ಮುಂದೆ ವರ್ಗದ ಕಾಗದ, ಅದರ ಮೇಲೆ ಮುಚ್ಚಳ ತೆಗೆದ ಪೆನ್ನು. ಒಂದೇ ಒಂದು ಗೀಚು! ಆದರೆ ಅವರು ಪೆನ್ನು ಹಿಡಿಯುವ ಮೊದಲು ಕಾರ್ಡು ಹಿಡಿದರು. ಎಳೆದರು, ರಟ್ಟಿನವರು ಹೋದರು. ಬಿಟ್ಟರು, ಟಕ್! ಇನ್ನೊಮ್ಮೆ ಎಳೆದರು. ಟಕ್!

"ಇದನ್ನ ಮಾಡಿದ್ದು ಯಾರು?"

ಎಲ್ಲರ ಬೆರಳೂ ಒಂದೇ ಕಡೆ ತಿರುಗಿತು.

ಸಾಹೇಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಹೋಗಿ ಬನ್ನಿ ಅಂತ ಬಾಯಲ್ಲಿ ಎಲ್ರೂ ಹೇಳ್ತಾರೆ. ಒಬ್ರಿಗೂ ನಾನು ಬರೋದು ಬೇಡ. ಮನೇಲೇ ಕೇಳ್ತಾರೆ, ದಿನವಿಡೀ ಇಲ್ಲೇ ಇರ್ತೀರಾ ಅಂತ. ನಾನು ವಾಪಸ್ ಬರ್ಲಿ ಅಂತ ಆಸೆಪಟ್ಟೋರು ಈ ಲೋಕದಲ್ಲಿ ಇವರೊಬ್ರೇ."

ಗೋಂದಪ್ಪನಿಗೆ ಹೋದ ಜೀವ ಬಂದಂತಾಯಿತು. ಈಗ ಹಾಕುತ್ತಾರೆ ಸಹಿ!

"ಇನ್ನೆರಡು ವರ್ಷ ಇರಿ ಅಂತ ಮೇಲಿನವರು ಬಲವಂತ ಮಾಡಿದ್ರು," ಎಂದರು ಸಾಹೇಬರು. "ಯಾರಿಗೆ ಬೇಕಾಗಿದೀನಿ ಅಂತ ಒಲ್ಲೆ ಅಂದಿದ್ದೆ. ಈಗಲೇ ಫೋನ್ ಮಾಡಿ ಒಪ್ಕೋತೀನಿ."

ಹೆಡ್ ಗುಮಾಸ್ತರ ಕೈಯಲ್ಲಿದ್ದ ಬಿಸ್ಕತ್ತು ಟೀಯೊಳಗೆ ಮುಳುಗಿತು.

"ಸಾರ್, ನನ್ನ ಕಾಗದ..." ಎಂದ ಗೋಂದಪ್ಪ.

"ಗೊತ್ತಾಯ್ತು ಕಣ್ರೀ. ನಾನಿಲ್ಲದ ಆಫೀಸಲ್ಲಿ ಇರೋಕಾಗಲ್ಲ ಅಂತ ತಾನೆ ವರ್ಗ ಕೇಳಿದ್ದು? ಈಗ ನಾನೇ ಇದ್ದೀನಲ್ಲ!" ಸಾಹೇಬರು ಬಲು ಅಕ್ಕರೆಯಿಂದ ಕಾಗದವನ್ನು ಎರಡಾಗಿ, ನಾಲ್ಕಾಗಿ ಹರಿದರು. "ನಾಳೆಯಿಂದ ನಿಮ್ಮ ಮೇಜು ನನ್ನ ಕೋಣೆಯಲ್ಲೇ."

ಹೊರಗೆ ಬಂದಾಗ ಯಾರೂ ಅವನ ಮುಖ ನೋಡಲಿಲ್ಲ. ರಬ್ಬರ್ ಬ್ಯಾಂಡು ಕೊಟ್ಟ ಸ್ಟೋರಿನವನೇ, "ಮಾಡಿದ್ದುಣ್ಣೋ ಮಹರಾಯ," ಎಂದು ಮುಖ ತಿರುಗಿಸಿ ನಡೆದ.

ಗೋಂದಪ್ಪ ಮೆಟ್ಟಿಲ ಮೇಲೆ ಕೂತು ಮನೆಗೆ ಫೋನು ಮಾಡಿದ. ಸಹಿ ಆಗುತ್ತಲೇ ತಿಳಿಸುತ್ತೇನೆಂದು ಹೆಂಡತಿಗೆ ಹೇಳಿದ್ದ. ಆದರೆ ಫೋನೆತ್ತಿದ್ದು ಮಗಳು.

"ಪುಟ್ಟೀ, ನಾನು..." ಎಂದ.

ಆ ಕಡೆಯಿಂದ ಮಗು ಬುದ್ಧಿ ಹೇಳುವಂತೆ ಮೆಲ್ಲಗೆ ಅಂದಿತು: "ಇವತ್ತು ಮಂಗಳವಾರ. ನೀವು ಶನಿವಾರ ಫೋನ್ ಮಾಡಿ."