ಮೇಷ್ಟ್ರ ಅಧೀನದಲ್ಲಿದ್ದವರ ಅಭಿಪ್ರಾಯ

ಮೇಷ್ಟ್ರಿಗೆ ಬದುಕಿನಲ್ಲಿ ಇದ್ದದ್ದು ಒಂದೇ ಆಸೆ: ತಾವು ಹೇಳಿದ್ದು ಒಂದೇ ಒಂದು ಸಲವಾದರೂ ನಡೆಯಬೇಕು. ಐವತ್ತೆರಡು ವರ್ಷದಲ್ಲಿ ಅದು ನಡೆದಿರಲಿಲ್ಲ. ಮನೆಯ ಫ್ಯಾನು ಎಷ್ಟು ಜೋರಾಗಿ ತಿರುಗಬೇಕು ಎನ್ನುವುದು ಹೆಂಡತಿಯ ಇಲಾಖೆ. ಟೀವಿಯಲ್ಲಿ ಏನು ಬರಬೇಕು ಎನ್ನುವುದು ಮಗಳದು. ಶಾಲೆಯಲ್ಲಿ ಗಣಿತ ಪಾಠ ಎಷ್ಟು ಹೊತ್ತಿಗೆ ಮುಗಿಯಬೇಕೆಂದು ಎಂಟನೇ ತರಗತಿಯವರೇ ತೀರ್ಮಾನಿಸಿ ಎದ್ದು ಹೋಗುತ್ತಿದ್ದರು. (ಪಾಪ, ಒಳ್ಳೆಯ ಮನುಷ್ಯ. ಕಿವಿ ಮಾತ್ರ ಸ್ವಲ್ಪ ದೊಡ್ಡದು. ಅದನ್ನು ನೋಡಿದವರಿಗೆಲ್ಲ ಏನಾದರೂ ಹೇಳೋಣ ಅನ್ನಿಸುತ್ತದೆಯೇ ಹೊರತು ಕೇಳೋಣ ಅನ್ನಿಸುವುದಿಲ್ಲ.)

ಹೀಗಿರುವಾಗ ಊರಿನ ಆಚೆ ತುದಿಯ ಸರ್ಕಾರಿ ಶಾಲೆಗೆ ಪ್ರಿನ್ಸಿಪಾಲರು ಬೇಕಾಗಿದ್ದಾರೆ ಎಂಬ ಪ್ರಕಟಣೆ ಬಂತು. ಮೂರು ವರ್ಷದಲ್ಲಿ ನಾಲ್ಕು ಜನ ಆ ಕುರ್ಚಿ ಬಿಟ್ಟು ಓಡಿದ್ದರು. ಬುದ್ಧಿ ಇದ್ದವರು ಯಾಕೆ ಓಡಿದರು ಅಂತ ಕೇಳುತ್ತಾರೆ. ಮೇಷ್ಟ್ರು ಕುರ್ಚಿ ಖಾಲಿ ಇದೆಯಲ್ಲ ಅಂತ ಖುಷಿಪಟ್ಟರು.

ಅರ್ಜಿ ಹನ್ನೊಂದು ಪುಟ. ಹತ್ತು ಪುಟವನ್ನು ಮೇಷ್ಟ್ರು ಒಂದೇ ಉಸಿರಿನಲ್ಲಿ ತುಂಬಿದರು. ಹನ್ನೊಂದನೆಯದರಲ್ಲಿ ಸಿಕ್ಕಿಹಾಕಿಕೊಂಡರು. 'ಅರ್ಜಿದಾರರ ಅಧೀನದಲ್ಲಿ ಅತಿ ಹೆಚ್ಚು ಕಾಲ ಇದ್ದವರ ಅಭಿಪ್ರಾಯವನ್ನು ಮುಚ್ಚಿದ ಲಕೋಟೆಯಲ್ಲಿ ಕಳುಹಿಸತಕ್ಕದ್ದು.'

ಮೇಷ್ಟ್ರು ಪೆನ್ನು ಕಚ್ಚುತ್ತ ಕೂತರು. ಅಧೀನದಲ್ಲಿ ಯಾರಿದ್ದರು? ಶಾಲೆಯ ಜವಾನನನ್ನು ಒಮ್ಮೆ ಸೀಮೆಸುಣ್ಣ ಕೇಳಿದ್ದಕ್ಕೆ, ಆಮೇಲೆ ಬನ್ನಿ ಅಂದಿದ್ದ. ಅದು ಹೋದ ವರ್ಷದ ಮಾತು. ಇವರು ಇನ್ನೂ ಆಮೇಲೆ ಹೋಗುತ್ತಲೇ ಇದ್ದಾರೆ. ಯೋಚಿಸಿ ಯೋಚಿಸಿ, ಕೊನೆಗೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ಒಂದ್ ಕಾಗದ ಬರ್ಕೊಡ್ತೀಯಾ?"

"ಯಾರಿಗೆ?"

"ಆಯ್ಕೆ ಸಮಿತಿಗೆ. ನನ್ನ ಅಧೀನದಲ್ಲಿ ಇದ್ದೋರು ಬರೀಬೇಕಂತೆ."

ಹೆಂಡತಿ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದಳು. "ಯಾರ ಅಧೀನದಲ್ಲಿ ಯಾರು?"

"ಅಲ್ಲ ಕಣೇ, ಸುಮ್ನೆ ಒಂದ್ ಮಾತಿಗೆ. ಇಪ್ಪತ್ತೇಳು ವರ್ಷ ಜೊತೇಲಿದ್ದೀಯಲ್ಲ."

"ಜೊತೇಲಿರೋದು ಬೇರೆ ರೀ, ಅಧೀನ ಬೇರೆ. ಸರಿ, ಬರೀತೀನಿ. ಆದ್ರೆ ನಾನು ಸುಳ್ಳು ಬರಿಯಲ್ಲ."

"ಅಮ್ಮಾ, ಸ್ವಲ್ಪ ನೋಡ್ಕೊಂಡು ಬರಿ," ಎಂದು ಮಗಳು ಒಳಗಿನಿಂದ ಕೂಗಿದಳು. "ಅಪ್ಪಂಗೆ ಇದೇ ಕೊನೇ ಚಾನ್ಸು."

ಹೆಂಡತಿ ಎರಡು ಮಧ್ಯಾಹ್ನ ಕೂತು ಬರೆದಳು. ಮೂರು ಹಾಳೆ, ಎರಡೂ ಮಗ್ಗುಲು. ಉಬ್ಬಿದ ಲಕೋಟೆಯನ್ನು ಮೇಷ್ಟ್ರು ಎರಡು ಸಲ ಕೈಯಲ್ಲಿ ತೂಗಿ ನೋಡಿದರು. ನನ್ನ ಬಗ್ಗೆ ಇಷ್ಟೊಂದು ಹೇಳುವುದಿತ್ತಲ್ಲ ಇವಳಿಗೆ ಅಂದುಕೊಂಡರು.

ಸಂದರ್ಶನದ ದಿನ ಉದ್ದನೆಯ ಮೇಜಿನ ಹಿಂದೆ ಅಧ್ಯಕ್ಷರೂ ಇಬ್ಬರು ಸದಸ್ಯರೂ ಕೂತಿದ್ದರು. ಮೂಲೆಯಲ್ಲಿ ಆ ಶಾಲೆಯ ಹೆಡ್ ಕ್ಲಾರ್ಕಮ್ಮ ಕಡತ ಹಿಡಿದು, ಕನ್ನಡಕದ ಮೇಲಿಂದ ನೋಡುತ್ತಿದ್ದರು. ಹತ್ತೊಂಬತ್ತು ವರ್ಷದಿಂದ ಅದೇ ಮೂಲೆ, ಅದೇ ಕನ್ನಡಕ. ಮೇಷ್ಟ್ರು ಕನ್ನಡಿಯ ಮುಂದೆ ಉರುಹೊಡೆದಿದ್ದ ಭಾಷಣಕ್ಕೆ ಬಾಯಿ ತೆರೆದರು. ಅಷ್ಟರಲ್ಲಿ ಅಧ್ಯಕ್ಷರು ಲಕೋಟೆ ಒಡೆದು ಓದತೊಡಗಿದರು.

"'ನಮ್ಮ ಯಜಮಾನರು ಇಪ್ಪತ್ತೇಳು ವರ್ಷದಲ್ಲಿ ಮನೆಯಲ್ಲಿ ಒಂದು ತೀರ್ಮಾನವನ್ನೂ ಮಾಡಿಲ್ಲ. ಇಬ್ಬರು ಜಗಳ ತಂದರೆ ಇಬ್ಬರಿಗೂ ಹೌದು ಎನ್ನುತ್ತಾರೆ. ಏನು ಕೊಟ್ಟರೂ ಓದದೆ ಸಹಿ ಹಾಕುತ್ತಾರೆ. ಒಮ್ಮೆ ಪಕ್ಕದ ಮನೆಯವರ ಗ್ಯಾಸ್ ಸಿಲಿಂಡರಿಗೂ ಹಾಕಿದ್ದಾರೆ. ಕೋಪ ಬಂದರೆ ಕೋಣೆಗೆ ಹೋಗಿ, ಅದು ಇಳಿದ ಮೇಲೆ ತಾವೇ ಹೊರಗೆ ಬರುತ್ತಾರೆ; ಕರೆಯುವ ಅಗತ್ಯವಿಲ್ಲ...'"

ಮೇಷ್ಟ್ರಿಗೆ ಭೂಮಿ ಬಾಯಿ ಬಿಟ್ಟರೆ ಸಾಕಾಗಿತ್ತು. ಅಲ್ಲಿದ್ದದ್ದು ಸಿಮೆಂಟು ನೆಲ, ಅದೂ ಅವರ ಮಾತು ಕೇಳಲಿಲ್ಲ. ಉರುಹೊಡೆದ ಭಾಷಣ ಆವಿಯಾಗಿ ಹೋಯಿತು.

"ಇದೆಲ್ಲ ನಿಜವೇ?" ಎಂದರು ಅಧ್ಯಕ್ಷರು.

ಮೇಷ್ಟ್ರು ಹೌದು ಎಂದರು.

ಮೂಲೆಯಿಂದ ಹೆಡ್ ಕ್ಲಾರ್ಕಮ್ಮ ಕೆಮ್ಮಿದರು. "ಇವರೇ ಇರ್ಲಿ ಸರ್. ಹೊರಗೆ ಕೂತಿರೋ ಆರು ಜನಾನ ಕಳಿಸ್ಬಿಡಿ."

ಅಧ್ಯಕ್ಷರು ಆರು ಜನರನ್ನೂ ಕಳಿಸಿಬಿಟ್ಟರು.

ಮನೆಗೆ ಬಂದ ಮೇಷ್ಟ್ರು ಹೆಂಡತಿಯ ಮೇಲೆ ಎಗರಾಡಬೇಕೆಂದಿದ್ದರು. ಕೆಲಸ ಕೊಡಿಸಿದವಳ ಮೇಲೆ ಹೇಗೆ ಎಗರಾಡುವುದು? ಕೋಣೆಗೆ ಹೋದರು, ಬಾಗಿಲು ಹಾಕಿಕೊಂಡರು, ಅರ್ಧ ಗಂಟೆಯ ಮೇಲೆ ತಾವೇ ಹೊರಗೆ ಬಂದರು. ಪ್ರಿನ್ಸಿಪಾಲಾದ ಮೇಲೆ ನೋಡಿಕೊಳ್ಳುತ್ತೇನೆ, ಅಲ್ಲಿ ನನ್ನ ಮಾತೇ ಮಾತು ಎಂದು ಸಮಾಧಾನ ಮಾಡಿಕೊಂಡರು.

ಮೊದಲ ದಿನ. ದೊಡ್ಡ ಮೇಜು, ತಿರುಗುವ ಕುರ್ಚಿ. ಮೇಷ್ಟ್ರು ಒಂದು ಸುತ್ತು ತಿರುಗಿದರು. ಬರುವಾಗ ಗ್ರಂಥಾಲಯದ ಬೀರುಗಳಿಗೆಲ್ಲ ಬೀಗ ಹಾಕಿದ್ದನ್ನು ಕಂಡಿದ್ದರು. ಮಕ್ಕಳು ಗಾಜಿಗೆ ಮೂಗು ಒತ್ತಿ ಪುಸ್ತಕಗಳ ಬೆನ್ನಷ್ಟೇ ಓದುತ್ತಿದ್ದರು. ಮೇಷ್ಟ್ರಿಗೆ ನಿಜವಾಗಿ ಸಂಕಟವಾಯಿತು. ಅಂದವಾಗಿ ಬರೆದರು: 'ಇಂದಿನಿಂದ ಬೀರುಗಳನ್ನು ತೆರೆದಿಡತಕ್ಕದ್ದು.' ಅದು ಅವರ ಜೀವಮಾನದ ಮೊದಲ ಆಜ್ಞೆ.

ಹೆಡ್ ಕ್ಲಾರ್ಕಮ್ಮ ಓದಿದರು. ಮತ್ತೊಮ್ಮೆ ಓದಿದರು. ಬೇಡ ಎನ್ನಲಿಲ್ಲ. ಫೋನು ತೆಗೆದು ಒಂದು ನಂಬರು ಒತ್ತಿದರು.

"ಅಮ್ಮಾ, ನಾನು ಶಾಲೆಯಿಂದ. ಸಾಹೇಬ್ರು ಬೀರು ತೆಗೀಬೇಕು ಅಂತಿದಾರೆ. ಹೂಂ. ಹೌದಾ? ಓಹೋ. ಸರಿ, ಕೊಡ್ತೀನಿ." ಫೋನನ್ನು ಮೇಷ್ಟ್ರ ಮುಂದೆ ಹಿಡಿದರು. "ಮನೆಯವರು, ಸರ್. ಕಾಗದದ ಕೆಳಗೇ ನಂಬರ್ ಬರೆದಿದ್ರು."

"ರೀ," ಎಂದಿತು ಫೋನು. "ಹಳೇ ಪುಸ್ತಕದ ಧೂಳು ನಿಮಗೆ ಆಗಲ್ಲ. ವಾರಗಟ್ಟಲೆ ಸೀನ್ತಾ ಇರೋರು ನೀವು, ರಾತ್ರಿ ನಿದ್ದೆ ಕೆಡೋದು ನಂದು. ಆ ಅಮ್ಮ ಎಲ್ಲಿ ಹೇಳ್ತಾರೋ ಅಲ್ಲಿ ಸಹಿ ಹಾಕಿ."

ಹೆಡ್ ಕ್ಲಾರ್ಕಮ್ಮ ಆಗಲೇ ಬೇರೊಂದು ಹಾಳೆ ಮುಂದಿಟ್ಟಿದ್ದರು. 'ಬೀರುಗಳನ್ನು ಯಾವ ಕಾರಣಕ್ಕೂ ತೆರೆಯತಕ್ಕದ್ದಲ್ಲ.' ಕೆಳಗೆ, ಪ್ರಿನ್ಸಿಪಾಲರ ಆಜ್ಞೆಯ ಮೇರೆಗೆ.

ಮೇಷ್ಟ್ರು ಕಿಟಕಿಯಾಚೆ ನೋಡಿದರು. ಅಲ್ಲಿಂದ ಓಡಿಹೋದ ನಾಲ್ವರೂ ಇದೇ ಕಿಟಕಿಯಿಂದ ನೋಡಿರಬೇಕು. ಆಮೇಲೆ ಪೆನ್ನಿನ ಮುಚ್ಚಳ ತೆಗೆದು ಸಹಿ ಹಾಕಿದರು.

ಹೆಡ್ ಕ್ಲಾರ್ಕಮ್ಮ ಶಾಯಿಯ ಮೇಲೆ ಮೆಲ್ಲಗೆ ಊದಿ, ಹಾಳೆಯನ್ನು ಬೆಳಕಿಗೆ ಹಿಡಿದರು. "ಎಷ್ಟು ಮುದ್ದಾಗಿ ಹಾಕ್ತೀರಿ ಸರ್," ಎಂದರು. "ಇನ್ನೂ ನಲವತ್ತಿದೆ. ತರ್ಲಾ?"