ದಾಸವಾಳ ಕಂಡದ್ದು

"ಇದು ಅಂಥಿಂಥ ಮ್ಯಾಕ್ರೋ ಲೆನ್ಸ್ ಅಲ್ಲ ಪಂಕಜಮ್ನೋರೇ, ಇರುವೆಯ ಹುಬ್ಬನ್ನೂ ಎಣಿಸಿ ಹೇಳುತ್ತೆ!" ಎಂದು ಫಣೀಶಯ್ಯ ಕ್ಯಾಮೆರಾ ಎತ್ತಿ ಹಿಡಿದರು. ಪಾಲಿಟೆಕ್ನಿಕ್ಕಿನಿಂದ ನಿವೃತ್ತರಾದ ಮೇಲೆ ಅವರು ಮಾಡದ ಯಂತ್ರವಿಲ್ಲ, ಮಾಡಿದ್ದರಲ್ಲಿ ಕೆಡದ ಯಂತ್ರವೂ ಇಲ್ಲ. ಈ ಸಲ ಲೆನ್ಸಿನ ಸುತ್ತ ಕುಕ್ಕರಿನ ಗ್ಯಾಸ್ಕೆಟ್, ಗಾಜಿಗೆ ತಾವೇ ಅರೆದು ಬಳಿದ ಯಾವುದೋ ನೀಲಿ ಲೇಪ, ಅಲ್ಲಿಂದ ಟಿವಿಗೆ ಒಂದು ವೈರು.

ಪಕ್ಕದ ಮನೆಯ ಪಂಕಜಾಕ್ಷಮ್ಮ ಹೂವಿನ ಫೋಟೊ ತೆಗೆಯುವುದನ್ನು ಕಲಿಯಲು ಬಂದಿದ್ದರು. ಭಜನಾ ಮಂಡಳಿಯ ಹೊಸ ಕ್ಯಾಲೆಂಡರಿಗೆ ಸದಸ್ಯೆಯರು ತಮ್ಮ ಮನೆಯಲ್ಲಿ ಅರಳಿದ ಹೂವನ್ನು ತಾವೇ ಫೋಟೊ ತೆಗೆದು ಕೊಡಬೇಕಿತ್ತು. "ಜನವರಿ ಪುಟ ನಮ್ಮನೆ ದಾಸವಾಳಕ್ಕಿರಲಿ" ಎಂದು ಇವರು ಆಗಲೇ ಜಂಬ ಕೊಚ್ಚಿಯಾಗಿತ್ತು. ಅವರ ಕುಂಡದ ಗಿಡವೋ, ನೆಟ್ಟ ದಿನದಿಂದ ಎಲೆ ಬಿಟ್ಟು ಬೇರೇನೂ ಕೊಟ್ಟದ್ದಿಲ್ಲ! ದೇವರಿಗೆ ಏರುತ್ತಿದ್ದ ಹೂವೆಲ್ಲ ಇದೇ ಫಣೀಶಯ್ಯನವರ ಕಾಂಪೌಂಡಿನದು. ಬೆಳಗಿನ ವಾಕಿಂಗ್ ನೆಪ, ಕೈಯಲ್ಲಿ ಕೊಕ್ಕೆ ಕಟ್ಟಿದ ಕೋಲು. ಫಣೀಶಯ್ಯನ ಹೆಂಡತಿ ವಿಶಾಲು ಒಮ್ಮೆ "ಯಾರಕ್ಕ ನಮ್ಮ ಹೂವು ಕೀಳೋದು?" ಎಂದು ಕೇಳಿದಾಗ, "ಕೋತಿ ಕಾಟ ಕಣೇ" ಎಂದು ಕಣ್ಣು ಮಿಟುಕಿಸದೆ ಹೇಳಿದ್ದರು. ಇವತ್ತು ಬುಟ್ಟಿಯಲ್ಲಿ ತಂದ ಎರಡು ಹೂವೂ ಅಲ್ಲಿಯವೇ. ಕೆಂಪು ದಾಸವಾಳದ ಮೇಲೆ ಯಾರ ಹೆಸರು ಬರೆದಿರುತ್ತೆ ಎಂಬ ಧೈರ್ಯ.

"ಉಸಿರು ಬಿಗಿ ಹಿಡೀರಿ. ಮೊಣಕೈ ಮೇಜಿನ ಮೇಲೆ ಊರಿ. ಇಷ್ಟು ಹತ್ತಿರದಲ್ಲಿ ಎಸಳು ಒಂಚೂರು ಅಲುಗಿದ್ರೂ ಚಿತ್ರ ಕೆಟ್ಟುಹೋಗುತ್ತೆ. ವಿಶಾಲೂ, ಫ್ಯಾನ್ ಆರಿಸು!"

"ಬೇಯಿಸಿಬಿಡಿ ಎಲ್ಲರನ್ನೂ!" ಎಂದು ವಿಶಾಲು ಗೊಣಗುತ್ತ ಆರಿಸಿದರು.

ಮೊದಲು ಅಭ್ಯಾಸಕ್ಕೆ ಅಂಗಡಿಯ ಗುಲಾಬಿ. ಪಂಕಜಾಕ್ಷಮ್ಮ ಉಸಿರು ಹಿಡಿದು ಗುಂಡಿ ಒತ್ತಿದರು. ಟಿವಿಯಲ್ಲಿ ಗುಲಾಬಿಯೇ ಇಲ್ಲ! ಬನಿಯನ್ ಹಾಕಿದ ಯಾರೋ ಒಬ್ಬ ಹೂದೋಟದಲ್ಲಿ ನಿಂತು ಕತ್ತರಿಯಿಂದ ಬೆನ್ನು ತುರಿಸಿಕೊಳ್ಳುತ್ತಿದ್ದ.

"ಯಾರ್ರೀ ಈ ಮಹಾನುಭಾವ?" ಎಂದರು ವಿಶಾಲು.

ಫಣೀಶಯ್ಯ ಕುಣಿದಾಡಿಬಿಟ್ಟರು. "ಆಹಾ! ಎಸಳು ಬೆಳಕು ಕುಡಿಯುತ್ತಲ್ಲ, ಕೀಳೋ ಗಳಿಗೆಯಲ್ಲಿ ಎದುರಿಗೆ ಏನಿತ್ತೋ ಅದು ಅಚ್ಚಾಗಿ ಉಳಿದಿದೆ! ನನ್ನ ಲೇಪ ಅದನ್ನ ಎಬ್ಬಿಸಿದೆ! ತನ್ನಿ ತನ್ನಿ, ನಿಮ್ಮ ದಾಸವಾಳ!"

"ಅಯ್ಯೋ, ಒಲೆ ಮೇಲೆ ಹಾಲಿಟ್ಟು ಬಂದಿದ್ದೀನಿ!"

"ಹಾಲು ಒಡೆದುಹೋಯ್ತು ಅಂತ ಆಗ್ಲೇ ನಮ್ಮನೇಲಿ ಕಾಫಿ ಕುಡಿದ್ರಲ್ಲ!" ಎಂದು ಫಣೀಶಯ್ಯ ತಾವೇ ಹೂವು ಕಿತ್ತುಕೊಂಡು ಕ್ಲಿಕ್ ಮಾಡಿಯೇಬಿಟ್ಟರು.

ಟಿವಿಯ ತುಂಬ ಪಂಕಜಾಕ್ಷಮ್ಮ! ತಲೆಗೆ ಉಣ್ಣೆ ಟೋಪಿ, ಕೈಯಲ್ಲಿ ಕೊಕ್ಕೆ, ತುದಿಗಾಲಲ್ಲಿ ನಿಂತು ನಾಲಿಗೆ ಕಚ್ಚಿಕೊಂಡ ಭಂಗಿ. ಮ್ಯಾಕ್ರೋ ಲೆನ್ಸ್ ಅಲ್ಲವೇ, ಗಲ್ಲದ ಮೇಲಿನ ಕೂದಲನ್ನೂ ಬಿಟ್ಟಿರಲಿಲ್ಲ.

"ಓಹೋ! ಕೋತಿ!" ಎಂದರು ಫಣೀಶಯ್ಯ.

ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು ಪಂಕಜಾಕ್ಷಮ್ಮನಿಗೆ. ಈ ಬೀದಿಯಲ್ಲಿ ಹೇಳದೆ ಕೇಳದೆ ನುಗ್ಗಿ ಕಾಫಿ ಕುಡಿಯುವಷ್ಟು ಸಲಿಗೆ ಇದ್ದದ್ದು ಇದೊಂದು ಮನೆಯಲ್ಲಿ. ಇನ್ನು ಯಾವ ಮುಖ ಹೊತ್ತು ಈ ಹೊಸಿಲು ತುಳಿಯುವುದು? ಮಾನ ಉಳಿಸಿಕೊಳ್ಳಲು ಬಾಯಿಗೆ ಬಂದದ್ದನ್ನು ಹೇಳಿದರು: "ನಿಮ್ಮ ಯಂತ್ರ ಕೆಟ್ಟಿದೆ ಫಣೀಶಣ್ಣ, ಎಂದಿನ ಹಾಗೆ!"

ಹೇಳಬಾರದಿತ್ತು. "ನನ್ನ ಯಂತ್ರ ಕೆಟ್ಟಿದೆಯೇ? ಎರಡನೇ ಹೂವಲ್ಲೂ ನೋಡೇಬಿಡೋಣ!" ಎಂದು ಫಣೀಶಯ್ಯ ಮತ್ತೆ ಗುಂಡಿ ಒತ್ತಿದರು.

ಈ ಹೂವು ಟೊಂಗೆಯಲ್ಲಿ ಮನೆಯ ಕಡೆ ಮುಖ ಮಾಡಿ ಅರಳಿತ್ತು. ಟಿವಿಯಲ್ಲಿ ಅಡುಗೆಮನೆಯ ಕಿಟಕಿ ಮೂಡಿತು. ಕಿಟಕಿಯಲ್ಲಿ ಕಾಫಿ ಲೋಟ ಹಿಡಿದ ವಿಶಾಲು, ನೇರ ಟೊಂಗೆಯತ್ತಲೇ ನೋಡುತ್ತ. ಅವರ ಬೆನ್ನ ಹಿಂದೆ, ಸ್ಟೂಲಿನ ಮೇಲೆ ಹತ್ತಿ, ಮೈಸೂರ್ ಪಾಕಿನ ಡಬ್ಬಿಗೆ ಕೈಹಾಕಿದ ಫಣೀಶಯ್ಯ!

"ಏನ್ರೀ ಅದು? ಡಾಕ್ಟ್ರು ಸಕ್ಕರೆ ಮುಟ್ಟಬೇಡಿ ಅಂದಿಲ್ವಾ ನಿಮಗೆ?"

"ಯಂತ್ರ ಕೆಟ್ಟಿದೆ ಕಣೇ! ಪಂಕಜಮ್ನೋರು ಹೇಳಿದ್ದು ಸತ್ಯ!" ಎಂದು ಅವರು ವೈರು ಕಿತ್ತರು. ಚಿತ್ರ ಹೋಗಲಿಲ್ಲ. ಟಿವಿ ಆರಿಸಿದರು, ಪ್ಲಗ್ಗನ್ನೇ ಎಳೆದರು, ಪರದೆಯ ಗಾಜನ್ನು ಹುಣಸೆಹಣ್ಣು ಹಾಕಿ ಉಜ್ಜಿದರು. ಡಬ್ಬಿಯೊಳಗಿನ ಕೈ ಇನ್ನಷ್ಟು ಫಳಫಳ ಹೊಳೆಯಿತು.

ಪಂಕಜಾಕ್ಷಮ್ಮನಿಗೆ ಅದೊಂದೂ ಬೇಕಿರಲಿಲ್ಲ. ಅವರ ಕಣ್ಣು ಕಿಟಕಿಯಲ್ಲಿದ್ದ ವಿಶಾಲುವಿನ ಮೇಲೇ ಇತ್ತು. "ನೋಡ್ತಾ ಇದ್ದೆಯೇನೇ?" ಎಂದರು.

"ದಿನಾ ನೋಡ್ತೀನಿ ಅಕ್ಕ."

"ಮತ್ತೆ ಒಂದು ಮಾತು ಆಡಲಿಲ್ಲ?"

"ಆಡಿದ್ರೆ ನೀವು ಈ ಕಡೆ ಬರೋದೇ ನಿಲ್ಲಿಸ್ತಿದ್ರಿ. ಹೂವೇನು, ನಾಳೆ ಮತ್ತೆ ಬಿಡುತ್ತೆ. ನಿಮಗೆ ಎಟುಕಲಿ ಅಂತ ಆ ಟೊಂಗೆ ಕತ್ತರಿಸದೆ ಬಿಟ್ಟಿದ್ದೀನಿ."

ಸಿಕ್ಕಿಬಿದ್ದ ನಾಚಿಕೆ ಏನೇನೂ ಅಲ್ಲ, ಈ ಮಾತಿನ ಮುಂದೆ ಪಂಕಜಾಕ್ಷಮ್ಮ ನಿಜವಾಗಿ ಕುಗ್ಗಿಹೋದರು. "ತಪ್ಪಾಯ್ತು ಕಣೇ ವಿಶಾಲು" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ಜನವರಿ ಪುಟಕ್ಕೆ ಅವರು ಕೊಟ್ಟದ್ದು ತಮ್ಮ ಕುಂಡದ ಒಂದು ಎಲೆಯ ಫೋಟೊ. ಫಣೀಶಯ್ಯನ ಟಿವಿ ಇವತ್ತಿಗೂ ಹಗಲಿರುಳು ಮೈಸೂರ್ ಪಾಕಿನ ಡಬ್ಬಿಯನ್ನೇ ತೋರಿಸುತ್ತಿದೆ. ಹಾಗಾಗಿ ಧಾರಾವಾಹಿ ನೋಡಲು ವಿಶಾಲು ಸಂಜೆ ಪಕ್ಕದ ಮನೆಗೆ ಹೋಗುತ್ತಾರೆ, ಮಡಿಲಲ್ಲಿ ನಾಳೆ ಅರಳುವ ದಾಸವಾಳದ ಮೊಗ್ಗು ತುಂಬಿಕೊಂಡು.

"ತಗೊಳ್ಳಿ ಪಂಕಜಕ್ಕ," ಎನ್ನುತ್ತಾರೆ, "ಕೋತಿ ಬರೋದ್ರೊಳಗೆ ನಾನೇ ಕಿತ್ಕೊಂಡು ಬಂದೆ."