ಬ್ಯಾರನ್ನಿಗೆ ಬಿದ್ದ ಹತ್ತು ಕಣ್ಣು

"ಈ ವರ್ಷ ಬ್ಯಾರನ್ ಮುಂದೆ ಯಾರೂ ಕಾವಲು ಕಾಯಂಗಿಲ್ಲ! ಜಗಲಿ ಮ್ಯಾಲೆ ಕಾಲು ಚಾಚ್ಕಂಡು ಕುಂತೇ ಹೊಗೆಸೊಪ್ಪು ಬೇಯಿಸ್ತೀನಿ, ನೋಡ್ತಿರು!"

ಚಲುವಯ್ಯ ಹೀಗೆ ಗರ್ಜಿಸಿದಾಗ ಶಿವನಂಜಮ್ಮ ಮುರಿದ ಮುದ್ದೆ ಸಾರಿಗೆ ಇಳಿಯದೆ ಗಾಳಿಯಲ್ಲೇ ನಿಂತುಬಿಟ್ಟಿತು. ಶಪಥ ಕೇಳಿ ಅಲ್ಲ. ಗಂಡ ಒಂದೇ ಉಸಿರಿಗೆ ಇಷ್ಟೊಂದು ಮಾತಾಡಿದ್ದು ಕೇಳಿ!

ರಾವಂದೂರಿನ ಆಚೆಗಿನ ಆ ಹಳ್ಳಿಯಲ್ಲಿ ಚಲುವಯ್ಯನಷ್ಟು ಮಾತು ಕಡಿಮೆ ಇರುವವನು ಇನ್ನೊಬ್ಬನಿರಲಿಲ್ಲ. ಮದುವೆಯಾದ ಹೊಸದರಲ್ಲಿ ಮೂರು ದಿನ ಬರೀ 'ಹೂಂ' ಅಂದೇ ಕಳೆದ ಮಹಾನುಭಾವ. ನಾಲ್ಕನೇ ದಿನ ಬಾಯಿ ಬಿಟ್ಟು 'ಉಪ್ಪು' ಅಂದ. ಸಾರಿಗೆ ಉಪ್ಪು ಕಡಿಮೆಯೋ ಹೆಚ್ಚೋ ಎಂದು ಶಿವನಂಜಮ್ಮನಿಗೆ ಇವತ್ತಿಗೂ ಗೊತ್ತಾಗಿಲ್ಲ.

ಇಂಥವನ ಬಾಯಿ ತೆರೆಸಿದ್ದು ಒಂದು ಅಂಗೈಯಗಲದ ಬಿಳಿ ಪೆಟ್ಟಿಗೆ. ಮೈಸೂರಿನ ಒಂದು ಕಂಪನಿಯವರು ಬಂದು ಅದನ್ನು ಬ್ಯಾರನ್ ಗೋಡೆಗೆ ಬಡಿದು, ಅದರಿಂದ ಒಂದು ವೈರನ್ನು ಒಳಗೆ ಇಳಿಬಿಟ್ಟು, ಜಗಲಿಯಲ್ಲಿ ವೈಫೈ ಡಬ್ಬಿ ಕೂರಿಸಿ ಹೋಗಿದ್ದರು. ಬ್ಯಾರನ್ ಒಳಗಿನ ಶಾಖ ಮೈಸೂರಿನ ಸರ್ವರಿಗೆ ಹೋಗಿ, ಅಲ್ಲಿಂದ ತಿರುಗಿ ಚಲುವಯ್ಯನ ಫೋನಿಗೆ ಬರುತ್ತದೆ. ಮನೆಯಿಂದ ಇಪ್ಪತ್ತು ಹೆಜ್ಜೆ ದೂರದ ಬ್ಯಾರನ್ನಿನ ಸುದ್ದಿ ಮೈಸೂರು ಸುತ್ತಿಕೊಂಡು ಬಂದರೆ ಅದರ ಗತ್ತೇ ಬೇರೆ! "ಏನೂ ತಲೆಕೆಡಿಸ್ಕೋಬೇಡಿ. ವಾಟ್ಸಾಪಲ್ಲಿ ಈ ನೀಲಿ ಅಕ್ಷರ ಒತ್ತಿ, ಪುಟ ತೆರೆಯುತ್ತೆ, ಶಾಖ ಕಾಣುತ್ತೆ" ಎಂದು ಹೇಳಿಕೊಟ್ಟಿದ್ದರು. ನಾಲ್ಕನೇ ಕ್ಲಾಸಿಗೇ ಶಾಲೆಗೆ ಕೈಮುಗಿದ ಚಲುವಯ್ಯ ಈ ಪಾಠವನ್ನು ಮಾತ್ರ ಅಕ್ಷರಶಃ ಕಲಿತ. ಶಾಖ ನೋಡಬೇಕೆ? ನೀಲಿ ಅಕ್ಷರ ಒತ್ತು. ಮತ್ತೆ ನೋಡಬೇಕೆ? ಮತ್ತೆ ನೀಲಿ ಅಕ್ಷರ ಒತ್ತು!

ಬ್ಯಾರನ್ ಗೊತ್ತಿಲ್ಲದವರಿಗೆ ಒಂದು ಮಾತು. ಕಡ್ಡಿಗೆ ಕಟ್ಟಿದ ಹಸಿ ಹೊಗೆಸೊಪ್ಪನ್ನು ಈ ಎತ್ತರದ ಕೋಣೆಯೊಳಗೆ ಸಾಲಾಗಿ ಇಳಿಬಿಟ್ಟು, ಹೊರಗಿನ ಒಲೆಗೆ ಸೌದೆ ಹಾಕಿ ಐದಾರು ದಿನ ಬೇಯಿಸಬೇಕು. ಮೊದಲೆರಡು ದಿನ ಶಾಖ ನೂರು ಡಿಗ್ರಿ ಫ್ಯಾರನ್‌ಹೀಟಿನ ಆಸುಪಾಸಿನಲ್ಲೇ ನಿಂತರೆ ಸೊಪ್ಪು ಬಂಗಾರದ ಬಣ್ಣಕ್ಕೆ ತಿರುಗುತ್ತದೆ. ಅವಸರಪಟ್ಟು ಏರಿಸಿದರೆ ಹಸಿರಾಗಿಯೇ ಬೆಂದು, ಕರ್ರಗಾಗಿ, ಅಷ್ಟೂ ಸೊಪ್ಪು ಗೊಬ್ಬರದ ಗುಂಡಿಗೆ ಹೋಗುತ್ತದೆ. ಇಪ್ಪತ್ತು ವರ್ಷದಿಂದ ಆ ಶಾಖ ಕಾಯುತ್ತಿದ್ದವಳು ಶಿವನಂಜಮ್ಮ. ತವರಿನ ಅಪ್ಪ ಕೊಟ್ಟ ಥರ್ಮಾಮೀಟರನ್ನು ಒಳಗೆ ದಾರದಲ್ಲಿ ಇಳಿಬಿಟ್ಟು, ಗಾಜಿನ ಕಿಂಡಿಗೆ ಮೂಗು ಒತ್ತಿ ನೋಡುತ್ತಿದ್ದಳು.

ಚಲುವಯ್ಯ ಆ ಥರ್ಮಾಮೀಟರನ್ನು ಬಿಚ್ಚಿ ಪಕ್ಕದ ಮನೆ ಚಿಕ್ಕಬಸಮ್ಮನಿಗೆ ದಾನ ಕೊಟ್ಟುಬಿಟ್ಟ!

"ನಮ್ಮಪ್ಪ ಕೊಟ್ಟಿದ್ದು ಕಣ್ರೀ ಅದು!"

"ಹಳೇದು."

"ನಾನೂ ಹಳಬಳೇಯಾ. ನನ್ನ ಯಾರಿಗೆ ಕೊಡ್ತೀರಿ?"

ಚಲುವಯ್ಯನ ಗಮನವೆಲ್ಲ ಫೋನಿನಲ್ಲಿತ್ತು. ಬಾಯಿಯಲ್ಲಿ ಜಂಬ ಕೊಚ್ಚಲು ಬಾರದವನಿಗೆ ದೇವರು ವಾಟ್ಸಾಪು ಕೊಟ್ಟಿದ್ದಾನಲ್ಲ! ಆ ನೀಲಿ ಅಕ್ಷರಗಳನ್ನು ಸರಗೂರಿನ ಅಕ್ಕನಿಗೆ, ಬೀಚನಹಳ್ಳಿಯ ಬಾಮೈದನಿಗೆ, ಊರಿನ ಗ್ರೂಪಿಗೆ, ಹಾಲಿನ ಡೈರಿ ಗ್ರೂಪಿಗೆ ಎಲ್ಲ ಕಳಿಸಿದ. ಕೆಳಗೆ ಬರೆದ: 'ನಮ್ಮ ಬ್ಯಾರನ್ ಲೈವ್. ಎಲ್ಲರೂ ನೋಡಿ.'

ಇದು ತಿಳಿದು ಶಿವನಂಜಮ್ಮ ತಲೆಯ ಮೇಲೆ ಕೈಹೊತ್ತಳು. "ಬೇಯೋ ಬ್ಯಾರನ್ನ ಊರಿಗೆಲ್ಲ ತೋರಿಸ್ತಾರಾ? ಬಾಗ್ಲಿಗೆ ಬೂದುಗುಂಬಳ ಕಟ್ಟಿರದು ಯಾತಕ್ಕೆ, ಸಾಂಬಾರಿಗಾ? ಅಷ್ಟು ಜನದ ಕಣ್ಣು ಬಿದ್ರೆ ಉಳೀತದಾ?"

"ಸರ್ವರಿಗೆ ದೃಷ್ಟಿ ಆಗಲ್ಲ."

"ಸೊಪ್ಪು ಕೆಟ್ರೆ ಆ ಫೋನು ಒಲೆಗೆ. ಈಗ್ಲೇ ಹೇಳಿವ್ನಿ."

"ಕೆಟ್ರೆ ನಾನು ಇನ್ನ್ಯಾವತ್ತೂ ಬ್ಯಾರನ್ ವಿಷ್ಯಕ್ಕೆ ಬರಾಕಿಲ್ಲ!"

ಒಪ್ಪಂದವಾಯಿತು. ಒಲೆಗೆ ಬೆಂಕಿ ಬಿತ್ತು.

ಮೊದಲ ದಿನ ಚಲುವಯ್ಯ ಜಗಲಿ ಸಿಂಹಾಸನದಿಂದ ರಾಜ್ಯಭಾರ ಮಾಡಿದ. ನೀಲಿ ಅಕ್ಷರ ಒತ್ತುವನು, "ತೊಂಬತ್ನಾಕು! ಎರಡು ಸೌದೆ!" ಎಂದು ಕೂಗುವನು. ಬ್ಯಾರನ್ ಕಡೆಯಿಂದ "ಹಾಕ್ದೆ!" ಎಂದು ಶಿವನಂಜಮ್ಮನ ದನಿ ಬರುವುದು. ಇಂಥ ಸುಖ ಮಹಾರಾಜರಿಗೂ ಇತ್ತೋ ಇಲ್ಲವೋ!

ಎರಡನೇ ದಿನ ಮಧ್ಯಾಹ್ನ ಶಾಖ ತೊಂಬತ್ತಾರಕ್ಕೆ ಬಂದು ನಿಂತಿತು. ಚಲುವಯ್ಯ ಒತ್ತಿದ. ತೊಂಬತ್ತಾರು. "ಎರಡು ಸೌದೆ!" "ಹಾಕ್ದೆ!" ಮತ್ತೆ ಒತ್ತಿದ. ತೊಂಬತ್ತಾರು. "ಇನ್ನೂ ನಾಕು!" "ಹಾಕ್ದೆ!" ಒಂದು ಗಂಟೆ ಕಳೆಯಿತು. ಒಂದು ಗಾಡಿ ಸೌದೆಯಾದರೂ ಹೊತ್ತಿರಬೇಕು, ಬ್ಯಾರನ್ ಮಾತ್ರ ತೊಂಬತ್ತಾರರಲ್ಲಿ ಕಲ್ಲು ಬಸವನ ಹಾಗೆ ಕೂತಿದೆ! ಕನ್ನಡಕ ಹಾಕಿಕೊಂಡು ನೋಡಿದಾಗ ನಂಬರಿನ ಕೆಳಗೆ ಇರುವೆಯಷ್ಟು ಸಣ್ಣ ಅಕ್ಷರ ಕಂಡಿತು: 'ಸಂಪರ್ಕಿಸಲಾಗುತ್ತಿದೆ...' ಪಕ್ಕದಲ್ಲಿ ಒಂದು ಚಕ್ರ ಗಾಣದೆತ್ತಿನಂತೆ ಸುತ್ತುತ್ತಿತ್ತು.

ಹಾಗಾದರೆ ಈ ತೊಂಬತ್ತಾರು ಈಗಿನದಲ್ಲ! ಒಳಗೆ ನಿಜವಾದ ಶಾಖ ಎಷ್ಟಿದೆಯೋ? ಇಷ್ಟು ಹೊತ್ತು ಹಾಕಿಸಿದ ಸೌದೆ? ಶಿವ ಶಿವಾ!

ಫೋನು ಆರಿಸಿ ಹೊತ್ತಿಸಿದ. ವೈಫೈ ಡಬ್ಬಿಯನ್ನು ಆರಿಸಿ ಹೊತ್ತಿಸಿದ. ಡಬ್ಬಿಯನ್ನು ಕಿಟಕಿಗೆ ಇಟ್ಟ, ಅಟ್ಟಕ್ಕೆ ಇಟ್ಟ, ಕೊನೆಗೆ ಕೋಳಿ ಮುಚ್ಚುವ ಕುಕ್ಕೆಯ ಮೇಲೆ ಇಟ್ಟ. ಕುಕ್ಕೆಯೊಳಗಿನ ಹುಂಜ ಒದರಿತು, ಚಕ್ರ ಮಾತ್ರ ಸುತ್ತುತ್ತಲೇ ಇತ್ತು. ಪ್ರತಿ ಪ್ರಯೋಗದ ನಂತರವೂ ತಪ್ಪದೆ ನೀಲಿ ಅಕ್ಷರ ಒತ್ತಿದ. ಸೋತು ಕಂಪನಿಗೆ ಫೋನ್ ಮಾಡಿದ. ಮಾನಸ ಎಂಬ ಹುಡುಗಿ ಎತ್ತಿದಳು.

"ನಿಂತೋಗದೆ" ಎಂದ ಚಲುವಯ್ಯ.

"ಏನ್ ಸರ್ ನಿಂತಿರೋದು?"

"ಎಲ್ಲಾ."

ಮಾನಸ ಅನುಭವಸ್ಥೆ. ಫೋನ್ ನಂಬರು ಕೇಳಿಕೊಂಡು ಟಕಟಕ ಕುಟ್ಟಿ ನೋಡಿದಳು. "ಸರ್, ನಿಮ್ಮ ಪೆಟ್ಟಿಗೆ ಚೆನ್ನಾಗಿದೆ. ನಮ್ಮ ಸರ್ವರೂ ಚೆನ್ನಾಗಿದೆ. ತೊಂದ್ರೆ ಏನಂದ್ರೆ, ನಿಮ್ಮ ಪ್ಲಾನಲ್ಲಿ ಒಂದೇ ಸಲಕ್ಕೆ ಹತ್ತು ಕಡೆ ಮಾತ್ರ ಲೈವ್ ನೋಡಬಹುದು. ಹತ್ತೂ ಭರ್ತಿಯಾಗಿದೆ. ಹತ್ತು ಸೀಟಿನ ವ್ಯಾನ್ ಅಂದ್ಕೊಳ್ಳಿ."

"ನಾನು ಓನರು!"

"ಓನರ್ ಬಂದ್ರೂ ಸೀಟಿಲ್ಲ ಸರ್. ಹನ್ನೊಂದನೆಯವರಿಗೆ ಹಳೇ ನಂಬರ್ ತೋರಿಸ್ಕೊಂಡು ಚಕ್ರ ಸುತ್ತುತ್ತೆ ಅಷ್ಟೆ. ಯಾರು ನೋಡ್ತಿದ್ದಾರೋ ಅವರಿಗೆ ಮುಚ್ಚೋಕೆ ಹೇಳಿ. ಯಾರ್ಯಾರು ಅಂತ ನಾನೂ ಲಿಸ್ಟ್ ತೆಗೆಸಿ ನೋಡಿ ಫೋನ್ ಮಾಡ್ತೀನಿ."

ಸೌದೆ ಹೊತ್ತುಕೊಂಡು ಬಂದ ಶಿವನಂಜಮ್ಮ ಫೋನಿನಿಂದ ಹೊರಗೂ ಕೇಳುತ್ತಿದ್ದ ಇದನ್ನೆಲ್ಲ ಕೇಳಿಸಿಕೊಂಡಳು. ಸೌದೆಯನ್ನು ಧೊಪ್ಪೆಂದು ಕೆಡವಿ ಸೊಂಟದ ಮೇಲೆ ಕೈಯಿಟ್ಟಳು.

"ಏನಂದ್ಳು ಅವ್ಳು? ಹತ್ತು ಜನ ನೋಡಿದ್ದಕ್ಕೆ ನಿಂತೋಯ್ತು ಅಂತ ತಾನೆ? ಮೈಸೂರ್ನಲ್ಲಿ ಕುಂತಿರೋ ಓದಿದ ಹುಡುಗಿ ಹೇಳ್ತಾವ್ಳೆ. ನಾನು ಹೇಳಿದ್ರೆ ಹಳ್ಳಿ ಮುಕ್ಕ, ಅವ್ಳು ಹೇಳಿದ್ರೆ ಪ್ಲಾನು!"

ಚಲುವಯ್ಯನಿಗೆ ವಾದಿಸಲು ಪುರುಸೊತ್ತಿರಲಿಲ್ಲ. 'ಎಲ್ಲರೂ ನೋಡಿ' ಎಂದು ಡಂಗುರ ಸಾರಿದವನು ಈಗ ಒಬ್ಬೊಬ್ಬರಿಗೂ 'ನೋಡಬೇಡಿ' ಎಂದು ಅಂಗಲಾಚಬೇಕಾಗಿತ್ತು! ಸರಗೂರಿನ ಅಕ್ಕ ಸಣ್ಣತಾಯಮ್ಮನಿಗೆ ಮೊದಲು ಫೋನ್ ಮಾಡಿದ.

"ಅಕ್ಕ, ನಮ್ ಬ್ಯಾರನ್ ನೋಡ್ಬೇಡ."

"ನಾನ್ಯಾಕಪ್ಪ ನಿನ್ನ ಬ್ಯಾರನ್ ನೋಡ್ಲಿ?"

"ಫೋನ್ಗೆ ಕಳಿಸಿದ್ನಲ್ಲ."

"ಅದಾ? ದೇವರದ್ದು ಏನೋ ಕಳಿಸಿದ್ದೀಯ ಅಂದ್ಕಂಡು ಕೈಮುಗಿಯೋ ಗೊಂಬೆ ಹಾಕಿ ಸುಮ್ಕಾದೆ. ಅಲ್ಲ ಕಣ್ಲಾ, ಹಬ್ಬಕ್ಕೆ ಬಾ ಅಂತ ಫೋನ್ ಮಾಡ್ದೆ ಇರೋನು, ಬ್ಯಾರನ್ ನೋಡ್ಬೇಡ ಅನ್ನಾಕೆ ಮಾಡಿದ್ಯಾ? ನನ್ನ ಕಣ್ಣು ಅಷ್ಟು ಕೆಟ್ಟದ್ದೇನ್ಲಾ?"

ಅಕ್ಕನಿಗೆ ಸಮಾಧಾನ ಹೇಳುವುದರಲ್ಲಿ ಹತ್ತು ನಿಮಿಷ ಹೋಯಿತು. ಅದರಲ್ಲಿ ಚಲುವಯ್ಯ ಆಡಿದ್ದು ಎಂಟು 'ಇಲ್ಲ ಕಣಕ್ಕ'.

ಬೀಚನಹಳ್ಳಿಯ ರೆಸಾರ್ಟಿನಲ್ಲಿ ಕೆಲಸ ಮಾಡುವ ಬಾಮೈದ ಕಿರಣ್‌ಕುಮಾರನದು ಇನ್ನೊಂದು ಕಥೆ. "ಬಾವ, ಅದು ನೀವೇ ಕಳಿಸಿದ್ದಾ? ಯಾರೋ ಕಳ್ಳರು ನಿಮ್ಮ ನಂಬರಿಂದ ಕಳಿಸವ್ರೆ ಅಂತ ಆಗ್ಲೇ ಅಳಿಸ್ಬುಟ್ಟೆ. ಅಂಥ ಲಿಂಕು ಒತ್ಬಾರ್ದು ಬಾವ!"

ಡೈರಿ ಗ್ರೂಪಿನಲ್ಲಿ ಒಬ್ಬರೂ ತೆರೆದಿರಲಿಲ್ಲ. ಊರಿನ ಗ್ರೂಪಿನಲ್ಲಿ ಒಬ್ಬ ಮಾತ್ರ 'ನಮ್ಮ ಎಮ್ಮೆ ಕಂಡಿದ್ರೆ ತಿಳಿಸಿ' ಎಂದು ಅದರ ಕೆಳಗೆ ಹಾಕಿದ್ದ. ಚಲುವಯ್ಯನಿಗೆ ಈಗ ಎರಡು ಕಡೆ ಉರಿ. ಬ್ಯಾರನ್ ಬೇಯುತ್ತಿದೆಯೋ ಸುಡುತ್ತಿದೆಯೋ ಎಂಬುದೊಂದು. ಇಷ್ಟು ಮೆರೆದರೂ ಒಂದು ನರಪಿಳ್ಳೆಯೂ ತಿರುಗಿ ನೋಡಲಿಲ್ಲವಲ್ಲ ಎಂಬುದು ಇನ್ನೊಂದು!

ಉಳಿದದ್ದು ಒಂದೇ ದಾರಿ. ಮಾನ ಮರ್ಯಾದೆಯನ್ನು ಜಗಲಿಯಲ್ಲೇ ಬಿಟ್ಟು ಚಿಕ್ಕಬಸಮ್ಮನ ಮನೆಗೆ ಓಡಿದ.

"ಥರ್ಮಾಮೀಟರು ಕೊಡವ್ವ."

ಚಿಕ್ಕಬಸಮ್ಮ ಅವರೆಕಾಯಿ ಬಿಡಿಸುತ್ತ ತಲೆಯೆತ್ತಿದಳು. "ಯಾವುದಪ್ಪ? ನೀನು ಕೊಟ್ಟ ಸಂಜೇನೇ ನಿನ್ನೆಂಡ್ತಿ ಬಂದು ಇಸ್ಕಂಡೋದ್ಳಲ್ಲ. 'ನಮ್ಮೋರಿಗೆ ಹೇಳ್ಬ್ಯಾಡ ಕಣಕ್ಕ, ಫೋನಲ್ಲಿ ಆಡ್ಕಳ್ಳಿ ಪಾಪ' ಅಂದ್ಳು."

ಆಡ್ಕಳ್ಳಿ! ಪಾಪ! ಚಲುವಯ್ಯ ಬಂದ ದಾರಿಯಲ್ಲೇ ತಿರುಗಿದ. ಶಿವನಂಜಮ್ಮ ಗಾಜಿನ ಕಿಂಡಿಗೆ ಮೂಗು ಒತ್ತಿ ನಿಂತಿದ್ದಳು. ಅವಳ ಹಿಂದೆ, ಅವನು ಮಧ್ಯಾಹ್ನದಿಂದ ಹಾಕಿಸಿದ ಸೌದೆಯೆಲ್ಲ ಗೋಡೆಗೆ ಅಚ್ಚುಕಟ್ಟಾಗಿ ಒರಗಿ ಕೂತಿತ್ತು. ಒಂದೂ ಒಲೆಯ ಮುಖ ಕಂಡಿರಲಿಲ್ಲ.

"ಹಾಕ್ದೆ ಅಂದ್ಯಲ್ಲ?"

"ಹಾಕ್ದೆ. ಇಲ್ಲಿ ಹಾಕ್ದೆ. ಒಲೆಗೆ ಅಂತ ಅಂದ್ನಾ?"

ಚಲುವಯ್ಯ ಕಿಂಡಿಯಲ್ಲಿ ಇಣುಕಿದ. ಹಳೇ ದಾರ. ಹಳೇ ಥರ್ಮಾಮೀಟರು. ತೊಂಬತ್ತೊಂಬತ್ತು ಡಿಗ್ರಿ. ಸುತ್ತ ಇಳಿಬಿದ್ದ ಸೊಪ್ಪು ಅರಿಸಿನ ಹಚ್ಚಿದ ಮದುಮಗಳ ಕೆನ್ನೆಯ ಬಣ್ಣಕ್ಕೆ ತಿರುಗುತ್ತಿತ್ತು. ಅವನು ಅಲ್ಲೇ ಕುಕ್ಕರಿಸಿದ.

ಫೋನ್ ಬಡಿದುಕೊಂಡಿತು. ಮಾನಸ. ಅವಸರದಲ್ಲಿ ಸ್ಪೀಕರ್ ಒತ್ತಿಹೋಯಿತು.

"ಸರ್, ತೆಗೆಸಿ ನೋಡ್ದೆ. ಹತ್ತೂ ಒಂದೇ ಫೋನಿಂದ ಇದೆ. ನಿಮ್ಮದೇ ಫೋನಿಂದ!"

"ನಾನೊಬ್ನೇ."

"ನೀವೊಬ್ಬರೇ ಸರ್, ಆದ್ರೆ ಹತ್ತು ಸಲ. ಪ್ರತಿ ಸಲ ಲಿಂಕ್ ಒತ್ತಿದಾಗ್ಲೂ ಹೊಸ ಪುಟ ತೆರೆದಿದೆ, ಹಳೇದನ್ನ ನೀವು ಮುಚ್ಚೇ ಇಲ್ಲ. ಫೋನ್ ಆರಿಸಿ ಹೊತ್ತಿಸಿದ್ರೂ ಅವು ಮತ್ತೆ ತೆರ್ಕೊಂಡು ಸೀಟು ಹಿಡೀತವೆ. ಆ ಹಳೇ ಪುಟಗಳು ಹಿಂದೆ ಕೂತ್ಕೊಂಡು ಸರಿಯಾದ ಶಾಖವನ್ನೇ ತೋರಿಸ್ತಿವೆ. ನೀವು ಸೀಟಿಲ್ಲದ ಹೊಸ ಪುಟ ನೋಡ್ತಿದ್ದೀರಿ. ಒಂದೊಂದಾಗಿ ಮುಚ್ಚಿ ಸರ್."

ಚಲುವಯ್ಯ ಮುಚ್ಚಿದ. ಮುಂದಿದ್ದ ಪುಟ ಹೋಯಿತು, ಅದರ ಹಿಂದಿನದು ಹೋಯಿತು. ಇಪ್ಪತ್ತು ಮುಚ್ಚಿದರೂ ಇನ್ನೂ ಇದ್ದವು! ಕಡೆಗೆ ಮೊದಲ ದಿನ ತೆರೆದ ಪುಟ ಬಂತು. ಅದರ ಮೇಲೆ ದೊಡ್ಡದಾಗಿ, ಪ್ರಾಮಾಣಿಕವಾಗಿ, 99.

ಶಿವನಂಜಮ್ಮ ಮನೆಯೊಳಗೆ ಹೋದಳು. ಫೋನು ಒಲೆಗೆ ಬೀಳುವ ಗಳಿಗೆ ಬಂತೆಂದು ಚಲುವಯ್ಯ ಅದನ್ನು ಜೇಬಿಗೆ ಸೇರಿಸಿದ. ಅವಳು ಹೊರಗೆ ಬಂದಾಗ ಕೈಯಲ್ಲಿ ಕಲ್ಲುಪ್ಪು, ಒಣಮೆಣಸಿನಕಾಯಿ, ಪೊರಕೆ ಕಡ್ಡಿ ಇದ್ದವು. ಬ್ಯಾರನ್ನಿಗೆ ದೃಷ್ಟಿ ತೆಗೆಯುತ್ತಾಳೆಂದು ಅವನು ದಾರಿ ಬಿಟ್ಟು ಸರಿದ.

"ಎಲ್ಲಿಗೆ ಸರಿಯಾದು? ಮೂಡಲಕ್ಕೆ ಮುಖ ಮಾಡ್ಕಂಡು ಕುಂತ್ಕಳಿ. ಆ ಫೋನೂ ತಗೀರಿ, ತೊಡೆ ಮ್ಯಾಲೆ ಮಡಿಕ್ಕಳಿ."

"ನಂಗ್ಯಾಕೆ?"

"ಮತ್ತ್ಯಾರಿಗೆ? ಸರಗೂರಿನ ಕಣ್ಣಲ್ಲ, ಬೀಚನಹಳ್ಳಿ ಕಣ್ಣಲ್ಲ. ಹತ್ತೂ ನಿಮ್ಮವೇಯಾ!"

ಮೂರು ಸಲ ನೀವಾಳಿಸಿ, ಮೂರು ಸಲ ಥೂ ಥೂ ಅನ್ನಿಸಿ, ಅಷ್ಟನ್ನೂ ಬ್ಯಾರನ್ ಒಲೆಗೆ ಎಸೆದಳು. ಮೆಣಸಿನಕಾಯಿ ಚಟಪಟ ಸಿಡಿಯಿತು. ಇಬ್ಬರೂ ಕೆಮ್ಮಲು ಸಿದ್ಧರಾಗಿ ಕಾದರು. ಘಾಟು ಬರಲಿಲ್ಲ.

"ನೋಡಿದ್ರಾ! ಒಂಚೂರೂ ಘಾಟಿಲ್ಲ! ಎಂಥ ಕಣ್ಣು ರೀ ನಿಮ್ಮವು!"

ಘಾಟನ್ನೆಲ್ಲ ಬ್ಯಾರನ್ನಿನ ಚಿಮಣಿ ಎಳೆದುಕೊಂಡು ಹೋಗುತ್ತದೆ ಎಂದು ಹೇಳಲು ಚಲುವಯ್ಯ ಬಾಯಿ ತೆರೆದ. ಗೋಡೆಗೆ ಒರಗಿದ ಸೌದೆ ನೋಡಿದ. ಕಿಂಡಿ ನೋಡಿದ. ಬಾಯಿ ಮುಚ್ಚಿದ. ಒಂದು ಸೌದೆ ಎತ್ತಿಕೊಂಡು ಮೆಲ್ಲಗೆ ಕೇಳಿದ:

"ಸೌದೆ ಹಾಕ್ಲಾ?"

"ನಾನು ಹೇಳ್ದಾಗ."